ಖಾತೆಯಲ್ಲಿ ರೊಕ್ಕ ಇದ್ದರೆ ಮಗನ ಪಗಾರ ನಿಲ್ಲುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ಸಿಂಧನೂರು ತಾಲೂಕಿನ ಒಂದು ಸಣ್ಣ ಊರು. ನನ್ನ ಮಗನಿಗೆ 23 ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯ, ಕಾರ್ಡಿನಲ್ಲಿ 80 ಪರ್ಸೆಂಟ್ ಎಂದು ಬರೆದಿದ್ದಾರೆ. ಅವನಿಗೆ ತಿಂಗಳಿಗೆ ₹2,000 ಅಂಗವಿಕಲರ ಪಗಾರ (ಮಾಸಾಶನ) ಬರುತ್ತದೆ. ಈಗ್ಗೆ ಎಂಟು ತಿಂಗಳ ಹಿಂದೆ ಯಜಮಾನರು ತೀರಿಕೊಂಡರು, ಅವರಿಗೆ 52 ವರ್ಷ. ನನಗೆ ವಿಧವಾ ಪಗಾರ ₹800 ಮತ್ತು ಗೃಹಲಕ್ಷ್ಮಿ ಬರುತ್ತಿದೆ. ಅತ್ತೆಗೆ 69, ಅವರಿಗೆ ಸಂಧ್ಯಾ ಸುರಕ್ಷಾ ₹1,200. ಯಜಮಾನರ ಖಾತೆಯಿಂದ ವರ್ಷಕ್ಕೆ ₹436 ಹಿಡಿಯುತ್ತಿದ್ದ ವಿಮೆಯಿಂದ ₹2 ಲಕ್ಷ ಬಂತು. ಎರಡು ಎಮ್ಮೆ ಮಾರಿದ್ದು, ಪಿಗ್ಮಿ ಕಟ್ಟಿದ್ದು ಎಲ್ಲ ಕೂಡಿ ₹3,20,000 ಆಗಿದೆ. ಮಗನ ಹೆಸರಲ್ಲಿ ಡಿಪಾಸಿಟ್ ಇಡಬೇಕು ಅಂತಿದ್ದೆ. ಆದರೆ ಕಂಪ್ಯೂಟರ್ ಸೆಂಟರಿನ ಹುಡುಗ, "ಯಕ್ಕಾ, ಖಾತೆದಾಗ ಇಷ್ಟು ರೊಕ್ಕ ಇಟ್ರ ಆಧಾರ್‌ನ್ಯಾಗ ಗೊತ್ತಾಗ್ತದ, ಮೂರೂ ಪಗಾರ ಬಂದ್ ಆಗ್ತಾವ" ಅಂದ. ಬೆಂಗಳೂರಿನ ಕಂಪನಿಯಲ್ಲಿರುವ ತಮ್ಮನ ಮಗನೂ ಅಮೆರಿಕಾದಲ್ಲಿ ಎರಡು ಸಾವಿರ ಡಾಲರ್ ದಾಟಿದರೆ ನಿಲ್ಲಿಸುತ್ತಾರೆ ಅಂತ ಹೇಳಿದ. ನಮ್ಮ ಅಣ್ಣ, "ನನ್ನ ಹೆಸರಿಗೆ ಹಾಕು, ನೂರಕ್ಕೆ ಎರಡರಂಗ ಬಡ್ಡಿಗೆ ಬಿಡೋಣು" ಅಂತಾನೆ. ಮನೆಯಲ್ಲಿ ₹70,000 ಬಂಗಾರದ ಸಾಲವೂ ಇದೆ. ಅತ್ತೆಯ ₹35,000 ಪೋಸ್ಟ್ ಆಫೀಸಿನಲ್ಲಿದೆ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ಒಂದು ಮಾತು. ರೊಕ್ಕ ಬ್ಯಾಂಕಿನಿಂದ ತೆಗೆಯಬೇಡಿ, ಅಣ್ಣನ ಹೆಸರಿಗೂ ಹಾಕಬೇಡಿ. ಮಗನ ಪಗಾರಕ್ಕಾಗಲಿ ನಿಮ್ಮ ಪಗಾರಕ್ಕಾಗಲಿ ಖಾತೆಯಲ್ಲಿ ಇಷ್ಟರ ಮೇಲೆ ಇರಬಾರದು ಎಂಬ ನಿಯಮ ಇಲ್ಲ. ಇರುವುದು ವರ್ಷದ ಆದಾಯದ ಮಿತಿ. ಠೇವಣಿಯ ಮೇಲೆಯೇ ಕಣ್ಣಿಟ್ಟಿರುವ ಷರತ್ತು ನಿಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ತಾಕುತ್ತದೆ, ಅದು ನಿಮ್ಮ ಅತ್ತೆಗೆ. ವಿಚಿತ್ರ ಅಂದರೆ ಆ ಕಂಪ್ಯೂಟರ್ ಸೆಂಟರಿನ ಹುಡುಗ ಅವರ ₹35,000ದ ಬಗ್ಗೆ ಒಂದು ಮಾತೂ ಆಡಿದಂತಿಲ್ಲ. ಅದಕ್ಕೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ತಮ್ಮನ ಮಗ ಹೇಳಿದ್ದು ಸುಳ್ಳಲ್ಲ, ಆದರೆ ಅದು ಆ ದೇಶದ ಮಾತು. ಅಮೆರಿಕಾದಲ್ಲಿ ಎಸ್‌ಎಸ್‌ಐ ಎಂಬ ಒಂದು ನೆರವು ಇದೆ. ಒಬ್ಬರ ಹತ್ತಿರ 2,000 ಡಾಲರ್, ಗಂಡ ಹೆಂಡತಿ ಇದ್ದರೆ 3,000 ಡಾಲರ್‌ಗಿಂತ ಹೆಚ್ಚು ಉಳಿತಾಯ ಇದ್ದರೆ ಅದು ಸಿಗುವುದಿಲ್ಲ. 1989ರಲ್ಲಿ ನಿಂತ ಅಂಕಿ ಇವತ್ತಿಗೂ ಅಲ್ಲೇ ನಿಂತಿದೆ. ಅದೇ ದೇಶದಲ್ಲಿ ದುಡಿಯುವಾಗ ತೆರಿಗೆ ಕಟ್ಟಿ ಪಡೆಯುವ ಇನ್ನೊಂದು ಅಂಗವಿಕಲರ ನೆರವಿಗೆ ಉಳಿತಾಯದ ಮಿತಿಯೇ ಇಲ್ಲ. ಬ್ರಿಟನ್ನಿನಲ್ಲೂ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿಗೆ 16,000 ಪೌಂಡ್ ಗಡಿ ಇದೆ, ಆದರೆ ಅಂಗವೈಕಲ್ಯಕ್ಕೆಂದೇ ಕೊಡುವ ಪಿಐಪಿ ಹಣಕ್ಕೆ ಅಂಥ ಗಡಿ ಇಲ್ಲ. ಅಂದರೆ ಒಂದೇ ದೇಶದೊಳಗೇ ಯೋಜನೆಗೊಂದು ನಿಯಮ. ನಮ್ಮಲ್ಲೂ ಹಾಗೆಯೇ. ಅದಕ್ಕೇ "ಪಗಾರ ಬಂದ್ ಆಗ್ತದ" ಎಂದು ಯಾರಾದರೂ ಅಂದರೆ ಮೊದಲು ಯಾವ ಪಗಾರ ಅಂತ ಕೇಳಿ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ನಿಮ್ಮ ಮಗನಿಗೆ ಬರುವುದು ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನ. 40 ಪರ್ಸೆಂಟ್‌ನಿಂದ ಶುರುವಾಗಿ 75ರ ಒಳಗಿದ್ದವರಿಗೆ ₹800, ಅದರ ಮೇಲಿದ್ದವರಿಗೆ ₹1,400, ಬುದ್ಧಿಮಾಂದ್ಯತೆ 75 ದಾಟಿದ್ದರೆ ₹2,000. ಇದಕ್ಕೂ ನಿಮ್ಮ ವಿಧವಾ ವೇತನಕ್ಕೂ ಕೇಳುವುದು ವಾರ್ಷಿಕ ಆದಾಯ ₹32,000ದ ಒಳಗಿದೆಯೇ ಎಂದು. ₹32,000 ಅಂದರೆ ತಿಂಗಳಿಗೆ ₹2,666. ಈ ಅಂಕಿಯನ್ನು ಯಾರು ಎಲ್ಲಿ ಕೂತು ಬರೆದರೋ! 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಸರ್ಕಾರವೇ ಆಗ ಖಾತ್ರಿ ಕೊಟ್ಟಿದ್ದ ನೂರು ದಿನ ಒಬ್ಬಾಕೆ ಪೂರ್ತಿ ದುಡಿದರೆ ₹37,000 ಆಗುತ್ತಿತ್ತು, ಅಲ್ಲಿಗೆ ಅದೇ ಸರ್ಕಾರದ ಆದಾಯ ಮಿತಿ ದಾಟಿತು. ನಾನು ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಕೊನೆಯ ಕೆಲವು ವರ್ಷ ನಾಡಕಚೇರಿಯಲ್ಲಿ ಉಪ ತಹಶೀಲ್ದಾರನಾಗಿದ್ದೆ. ವರ್ಷಕ್ಕೆ ₹11,000 ಆದಾಯ ಎಂದು ಬರೆದ ಪತ್ರಗಳಿಗೆ ನಾನೇ ರಾಶಿ ರಾಶಿ ಸಹಿ ಹಾಕಿದ್ದೇನೆ. ₹11,000ದಲ್ಲಿ ವರ್ಷ ಹೇಗೆ ಕಳೆಯುತ್ತದೆ ಎಂದು ಸಹಿ ಹಾಕುವವನಿಗೂ ಗೊತ್ತಿರಲಿಲ್ಲ, ಹಾಕಿಸಿಕೊಳ್ಳುವವರಿಗೂ ಗೊತ್ತಿರಲಿಲ್ಲ.

ಇಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ವಿಷಯ ಅಸಲು ಬೇರೆ, ಬಡ್ಡಿ ಬೇರೆ ಎಂಬುದು. ವಿಮೆಯಿಂದ ಬಂದ ₹2 ಲಕ್ಷ ನಿಮ್ಮ ಆದಾಯ ಅಲ್ಲ, ಒಮ್ಮೆ ಬಂದ ಗಂಟು. ಎಮ್ಮೆ ಮಾರಿದ್ದೂ ಅಷ್ಟೇ, ಕೊಟ್ಟಿಗೆಯಲ್ಲಿದ್ದ ಆಸ್ತಿ ಖಾತೆಗೆ ಬಂತು, ಬೇರೇನಿಲ್ಲ. ಆದರೆ ಆ ಗಂಟನ್ನು ಠೇವಣಿ ಇಟ್ಟರೆ ವರ್ಷ ವರ್ಷ ಬರುವ ಬಡ್ಡಿ ಇದೆಯಲ್ಲ, ಅದು ಆದಾಯ. ₹3,20,000ಕ್ಕೆ ನೂರಕ್ಕೆ 7ರ ಲೆಕ್ಕದಲ್ಲಿ ವರ್ಷಕ್ಕೆ ₹22,400. ₹32,000ದ ಮಿತಿಯಲ್ಲಿ ಮುಕ್ಕಾಲು ಪಾಲನ್ನು ಹತ್ತಿರ ಹತ್ತಿರ ಇದೊಂದೇ ತಿಂದುಹಾಕುತ್ತದೆ. ಇನ್ನು ನೀವು ನಾಟಿ ಹಚ್ಚಲು, ಹತ್ತಿ ಬಿಡಿಸಲು ಹೋಗಿ ತರುವ ಕೂಲಿ ಸೇರಿಸಿದರೆ ಮಿತಿ ದಾಟುವುದು ಕಷ್ಟವೇನಲ್ಲ. ಹೀಗಾಗಿ ಹುಡುಗ ಹೇಳಿದ್ದರಲ್ಲಿ ಕಾಳಿನಷ್ಟು ನಿಜ ಇದೆ, ಆದರೆ ಅವನು ತೋರಿಸಿದ ಜಾಗ ತಪ್ಪು. ಖಾತೆಯಲ್ಲಿ ಎಷ್ಟಿದೆ ಎಂಬುದಲ್ಲ, ವರ್ಷಕ್ಕೆ ಎಷ್ಟು ಹುಟ್ಟುತ್ತದೆ ಎಂಬುದು ನೋಡಬೇಕಾದದ್ದು.

"ಆಧಾರ್‌ನ್ಯಾಗ ಗೊತ್ತಾಗ್ತದ" ಎನ್ನುವ ಮಾತಿಗೂ ಒಂದಿಷ್ಟು ಬಿಡಿಸಿ ಹೇಳುತ್ತೇನೆ. ನಿಮ್ಮ ಪಾಸ್‌ಬುಕ್ಕಿನ ಬಾಕಿಯನ್ನು ಬ್ಯಾಂಕು ತಿಂಗಳು ತಿಂಗಳು ವಿಎಗೆ, ಅಂದರೆ ಗ್ರಾಮ ಲೆಕ್ಕಿಗರಿಗೆ, ಕಳಿಸುವ ಪದ್ಧತಿ ಇಲ್ಲ. ಕಚೇರಿಗಳಲ್ಲಿ ತಾಳೆ ನೋಡುವುದು ಬೇರೆ ಬೇರೆ ಪಟ್ಟಿಗಳನ್ನು: ಯಾರು ಆದಾಯ ತೆರಿಗೆ ಕಟ್ಟುತ್ತಾರೆ, ಯಾರಿಗೆ ಜಿಎಸ್‌ಟಿ ಇದೆ, ಯಾರ ಮನೆಯಲ್ಲಿ ಸರ್ಕಾರಿ ನೌಕರಿ ಇದೆ, ಯಾರ ಹೆಸರಲ್ಲಿ ಕಾರು ಇದೆ, ಪಹಣಿಯಲ್ಲಿ ಎಷ್ಟು ಜಮೀನು ಇದೆ. ನಿಮ್ಮ ಬಿಪಿಎಲ್ ಕಾರ್ಡಿಗೂ ಇದೇ ಅಳತೆ. ವರ್ಷಕ್ಕೆ ₹1,20,000 ಆದಾಯ, ಹಳ್ಳಿಯಲ್ಲಿ 3 ಹೆಕ್ಟೇರ್ ಒಣ ಬೇಸಾಯದ ಜಮೀನು ಅಥವಾ ಅದಕ್ಕೆ ಸಮನಾದ ನೀರಾವರಿ, ಹೊಟ್ಟೆಪಾಡಿನದಲ್ಲದ ನಾಲ್ಕು ಚಕ್ರದ ಗಾಡಿ. ಬ್ಯಾಂಕಿನ ಉಳಿತಾಯ ಆ ಪಟ್ಟಿಯಲ್ಲಿಲ್ಲ. ಗೃಹಲಕ್ಷ್ಮಿಗೆ ನೋಡುವುದು ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುತ್ತಾರಾ ಎಂದು ಮಾತ್ರ, ಪಗಾರ ಬರುತ್ತದೆ ಎಂಬ ಕಾರಣಕ್ಕೆ ಅದು ನಿಲ್ಲುವುದಿಲ್ಲ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ಗದ್ದಲ ಎದ್ದದ್ದು ನಿಮಗೂ ನೆನಪಿರಬೇಕು. ಕಡೆಗೆ ಸರ್ಕಾರ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ತೆಗೆಯುವುದಿಲ್ಲ ಎಂದು ಹೇಳಬೇಕಾಯಿತು.

ಇದೇ ಜಾಗದಲ್ಲಿ ಒಂದು ಗುಂಡಿ ಇದೆ, ಕಾಲಿಡಬೇಡಿ. ಸಾಲ ಕೊಡಿಸುತ್ತೇನೆ ಎಂದು ಬರುವ ಏಜೆಂಟರು "ಒಂದು ಐಟಿ ಫೈಲ್ ಮಾಡಿಸಿಬಿಡ್ರಿ, ಲೋನ್ ಲಗೂನ ಆಗ್ತದ" ಎನ್ನುತ್ತಾರೆ. ಒಂದು ಪೈಸೆ ತೆರಿಗೆ ಕಟ್ಟದಿದ್ದರೂ ರಿಟರ್ನ್ ಹಾಕಿದ ಹೆಸರು ತೆರಿಗೆಯ ಕಡತದಲ್ಲಿ ಕೂರುತ್ತದೆ, ಮುಂದೆ ಪಟ್ಟಿ ತಾಳೆ ನೋಡುವಾಗ ನೀವು ತೆರಿಗೆದಾರರಲ್ಲ ಎಂದು ಸಾಬೀತು ಮಾಡುತ್ತ ತಿರುಗಬೇಕಾಗುತ್ತದೆ. ನಿಮ್ಮ ಠೇವಣಿಗೆ ಅದರ ಅಗತ್ಯವೇ ಇಲ್ಲ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ ₹50,000 ದಾಟಿದರೆ ಮಾತ್ರ ತೆರಿಗೆ ಹಿಡಿಯುತ್ತಾರೆ, ಹಿರಿಯ ನಾಗರಿಕರಿಗೆ ₹1 ಲಕ್ಷ. ನಿಮ್ಮ ಬಡ್ಡಿ ಅದರ ಅರ್ಧಕ್ಕೂ ಬರುವುದಿಲ್ಲ.

ಹಾಗಾದರೆ ಊರಲ್ಲಿ ಅಷ್ಟೊಂದು ಜನರ ಪಗಾರ ಏಕೆ ನಿಲ್ಲುತ್ತದೆ? ನಾನು ಕುರ್ಚಿಯಲ್ಲಿ ಕೂತು ಕಂಡದ್ದು ಹೇಳುತ್ತೇನೆ. ಉಳಿತಾಯ ಹೆಚ್ಚಾಯಿತೆಂದು ನಿಂತ ಪಗಾರ ನನ್ನ ಕೈಯಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ನಿಲ್ಲುತ್ತಿದ್ದದ್ದು ಬೇರೆ ಕಾರಣಕ್ಕೆ. ಒಂದು ಸಲ ಒಬ್ಬ ಮುದುಕಿ ಬಂದು ಮೇಜಿನ ಮೇಲೆ ಪಾಸ್‌ಬುಕ್ ಬಡಿದು, "ಐದು ತಿಂಗಳಾತು ಸಾಹೇಬ್ರ, ಒಂದು ರೂಪಾಯಿ ಬಿದ್ದಿಲ್ಲ" ಎಂದು ಜಗಳಕ್ಕೇ ನಿಂತಳು. ನೋಡಿದರೆ ರೊಕ್ಕ ತಿಂಗಳು ತಿಂಗಳು ಹೋಗಿದೆ, ಬೇರೆ ಬ್ಯಾಂಕಿಗೆ. ಮೊಮ್ಮಗ ಯಾವುದೋ ಸ್ಕೀಮಿಗೆಂದು ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ ಇನ್ನೊಂದು ಖಾತೆ ತೆರೆದಿದ್ದ. ಸರ್ಕಾರದ ರೊಕ್ಕ ಹೋಗುವುದು ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ. ಅಜ್ಜಿಯ ಐದು ತಿಂಗಳ ರೊಕ್ಕ ಅಲ್ಲಿ ಸದ್ದಿಲ್ಲದೆ ಬಿದ್ದಿತ್ತು. ನೀವೂ ಈಗ ಹೆದರಿ ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು, ಅಲ್ಲಿ ಆಧಾರ್ ಜೋಡಣೆ ಮಾಡಿಸಿದರೆ ನಿಮ್ಮ ಪಗಾರವೂ ಮಗನದೂ ಹೀಗೇ ಕಾಣೆಯಾಗುತ್ತದೆ. ಆಗ ಆ ಹುಡುಗ, ನಾ ಹೇಳಿದ್ದಿಲ್ಲೇನು ಯಕ್ಕಾ, ರೊಕ್ಕ ಇಟ್ಟಿದ್ದಕ್ಕ ಬಂದ್ ಆತು ಅನ್ನುತ್ತಾನೆ. ಹೊಸ ಖಾತೆ ತೆರೆಯಲೇಬೇಕಾದರೆ "ಸಬ್ಸಿಡಿ, ಪಿಂಚಣಿ ಹಳೇ ಖಾತೆಗೇ ಬರಲಿ" ಎಂದು ಅರ್ಜಿ ತುಂಬುವಾಗಲೇ ಬಾಯಿಬಿಟ್ಟು ಹೇಳಿ, ಹೊಸ ಖಾತೆಗೆ ಬರಲಿ ಎನ್ನುವ ಚೌಕದಲ್ಲಿ ಗುರುತು ಹಾಕಿಸಬೇಡಿ.

ಎರಡನೆಯ ಕಾರಣ ಕಾರ್ಡಿನ ಅವಧಿ. ಮಗನ ಅಂಗವಿಕಲರ ಗುರುತಿನ ಕಾರ್ಡನ್ನು, ಅಂದರೆ ಯುಡಿಐಡಿ ಕಾರ್ಡನ್ನು, ತೆಗೆದು ನೋಡಿ. ಶಾಶ್ವತ ಎಂದಿದ್ದರೆ ನಿಶ್ಚಿಂತೆ. ತಾತ್ಕಾಲಿಕ ಎಂದು ತಾರೀಖು ಹಾಕಿದ್ದರೆ ಅದು ಮುಗಿಯುವ ಮೊದಲೇ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಮತ್ತೆ ತೋರಿಸಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇಂಥದ್ದಕ್ಕೆಂದೇ ಇದ್ದಾರೆ, ಅವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರು. ಕಂಪ್ಯೂಟರ್ ಸೆಂಟರಿಗಿಂತ ಮೊದಲು ಅವರನ್ನು ಕೇಳುವುದು ಒಳ್ಳೆಯದು.

ರೊಕ್ಕ ಮನೆಯಲ್ಲಿ ಇಡುವ ಮಾತು ಬಂತೆಂದರೆ ನನಗೆ ದೇವದುರ್ಗ ಕಡೆಯ ಒಬ್ಬ ಅಂಧ ವ್ಯಕ್ತಿ ನೆನಪಾಗುತ್ತಾರೆ. 2017ರ ಬೇಸಿಗೆ. ಮಟಮಟ ಮಧ್ಯಾಹ್ನ ನಾಡಕಚೇರಿಗೆ ಬಂದರು, ಕಂಕುಳಲ್ಲಿ ಒಂದು ಎಣ್ಣೆ ಡಬ್ಬಿ. ಮುಚ್ಚಳ ತೆಗೆದು ಒಳಗಿಂದ ಪ್ಲಾಸ್ಟಿಕ್ ಚೀಲ ಎಳೆದರು, ಕುಸುಬಿ ಎಣ್ಣೆಯ ವಾಸನೆ ಕೋಣೆಯೆಲ್ಲ ಹರಡಿತು. ಚೀಲದಲ್ಲಿ ಐನೂರರ 38 ನೋಟು, ಒಂದೊಂದೂ ಒಂದೇ ಅಳತೆಗೆ ಉದ್ದಕ್ಕೆ ಮಡಿಚಿದ್ದು. ನೂರರದಕ್ಕೆ ಒಂದು ಮಡಿಕೆ, ಐನೂರರದಕ್ಕೆ ಎರಡು, ಅದು ಅವರ ಲೆಕ್ಕ. ನೋಟು ರದ್ದಾದದ್ದು ಅವರಿಗೆ ಗೊತ್ತಿತ್ತು. ಆದರೆ ಬ್ಯಾಂಕಿಗೆ ಕಟ್ಟಿದರೆ ಪಗಾರ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರಂತೆ, ಡಿಸೆಂಬರ್ 30ರ ಗಡುವು ದಾಟಲು ಬಿಟ್ಟಿದ್ದರು. ₹19,000. ಅವರ ಪಗಾರಕ್ಕೆ ಆ ರೊಕ್ಕದಿಂದ ಏನೂ ಆಗುತ್ತಿರಲಿಲ್ಲ. ನಾನು ಹಾಗೆಂದು ಹೇಳಿದಾಗ ಅವರು ನೋಟುಗಳನ್ನು ಬೆರಳಿನಿಂದ ಸವರುತ್ತ, ಮಡಿಕೆ ಸರಿಮಾಡುತ್ತ ಒಂದೊಂದೇ ಚೀಲಕ್ಕೆ ವಾಪಸ್ ಹಾಕಿಕೊಂಡರು.

ಅಣ್ಣನ ವಿಷಯ. ಅವರ ಮೇಲೆ ನನಗೆ ಅನುಮಾನ ಇಲ್ಲ, ತಂಗಿಯ ಒಳಿತಿಗೇ ಹೇಳಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಅವರ ಹೆಸರಿಗೆ ಹೋದ ರೊಕ್ಕ ಕಾಗದದ ಮೇಲೆ ಅವರದೇ. ನಾಳೆ ಅವರಿಗೆ ಹೆಚ್ಚುಕಡಿಮೆಯಾದರೆ ಕೇಳಬೇಕಾದದ್ದು ಅತ್ತಿಗೆಯನ್ನು, ಅವರ ಮಕ್ಕಳನ್ನು. ಬಡ್ಡಿಗೆ ಬಿಡುವ ಮಾತು ಇನ್ನೂ ಕಷ್ಟದ್ದು. ನೂರಕ್ಕೆ ಎರಡು ಅಂದರೆ ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 24. ₹3,20,000ಕ್ಕೆ ವರ್ಷಕ್ಕೆ ₹76,800 ಬಡ್ಡಿ ಆಯಿತು. ಪಗಾರ ಉಳಿಸಿಕೊಳ್ಳಲೆಂದು ಹೊರಟು ಆದಾಯ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಬಡ್ಡಿ ಎಣಿಸಿದ ಹಾಗಾಗುತ್ತದೆ. ಅದೂ ಬಂದರೆ! ಮಳೆ ಕೈಕೊಟ್ಟ ವರ್ಷ ಅಥವಾ ಕಾಲುವೆಯ ಕೊನೇ ಭಾಗಕ್ಕೆ ನೀರು ಬಾರದ ವರ್ಷ ಸಾಲ ತೆಗೆದುಕೊಂಡವನು ಎಲ್ಲಿಂದ ತಂದು ಕೊಡುತ್ತಾನೆ?

ಇನ್ನೊಂದು ಆಸೆ ನಿಮಗೆ ಯಾರಾದರೂ ಹುಟ್ಟಿಸಬಹುದು: ಬ್ಯಾಂಕಿಗಿಂತ ಎರಡು ಮೂರು ಪರ್ಸೆಂಟ್ ಹೆಚ್ಚು ಕೊಡುವ ಪತ್ತಿನ ಸಂಘ, ಸೌಹಾರ್ದ. ಚೆನ್ನಾಗಿ ನಡೆಯುವ ಸಂಘಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಬ್ಯಾಂಕು ಮುಳುಗಿದರೆ ಒಬ್ಬರಿಗೆ ₹5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ನನ್ನ ಸೋದರತ್ತೆ ಹೊಲ ಮಾರಿದ ರೊಕ್ಕ ಇಂಥ ಒಂದು ಸಂಘದಲ್ಲಿಟ್ಟು, ಬೀಗ ಹಾಕಿದ ಬಾಗಿಲ ಮುಂದೆ ಎರಡು ವರ್ಷ ಓಡಾಡಿದರು. ನಾನು ಸರ್ಕಾರಿ ನೌಕರಿಯಲ್ಲಿದ್ದೂ ಏನೂ ಮಾಡಲಾಗಲಿಲ್ಲ. ಮಗನ ಜೀವನಕ್ಕೆ ಇಡುವ ರೊಕ್ಕ ಇದು. ರಾಷ್ಟ್ರೀಕೃತ ಬ್ಯಾಂಕು, ಪೋಸ್ಟ್ ಆಫೀಸು, ಇಲ್ಲವೇ ನಮ್ಮ ಹಿರಿಯರು ಹೆಸರು ಎಷ್ಟು ಸಲ ಬದಲಾದರೂ "ತುಂಗಭದ್ರಾ ಬ್ಯಾಂಕ್" ಅಂತಲೇ ಕರೆಯುವ ಗ್ರಾಮೀಣ ಬ್ಯಾಂಕು, ಇಷ್ಟರಲ್ಲೇ ಇರಲಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಬಂಗಾರದ ಸಾಲ ₹70,000 ತೀರಿಸಿ. ಠೇವಣಿಗೆ ಬರುವ ಬಡ್ಡಿಗಿಂತ ಆ ಸಾಲಕ್ಕೆ ನೀವು ಕಟ್ಟುವ ಬಡ್ಡಿ ಹೆಚ್ಚು. ಒಂದು ಕಡೆ ನೂರಕ್ಕೆ 7 ಪಡೆಯುತ್ತ ಇನ್ನೊಂದು ಕಡೆ ಅದಕ್ಕಿಂತ ಹೆಚ್ಚು ಕಟ್ಟುವುದರಲ್ಲಿ ಅರ್ಥ ಇಲ್ಲ. ತಾಳಿ, ಬಿಲ್ವಾರ ಮನೆಗೆ ಬರುತ್ತವೆ, ಆದಾಯದ ಲೆಕ್ಕದಿಂದ ಅಷ್ಟು ಬಡ್ಡಿಯೂ ಇಳಿಯುತ್ತದೆ. ಉಳಿದದ್ದು ₹2,50,000. ಅದರಲ್ಲಿ ₹30,000 ಉಳಿತಾಯ ಖಾತೆಯಲ್ಲೇ ಬಿಡಿ, ಮಗನಿಗೆ ರಾತ್ರೋರಾತ್ರಿ ಫಿಟ್ಸ್ ಬಂದು ಸಿಂಧನೂರಿಗೆ ಗಾಡಿ ಮಾಡಬೇಕಾದರೆ ಠೇವಣಿ ಮುರಿಸಲು ಬ್ಯಾಂಕು ತೆರೆಯುವವರೆಗೆ ಕಾಯಲಾಗದು. ₹1,20,000 ನಿಮ್ಮ ಹೆಸರಿನಲ್ಲಿ ಠೇವಣಿ ಇಡಿ, ಅದೂ ಒಂದೇ ರಸೀದಿ ಬೇಡ, ನಲವತ್ತು ಸಾವಿರದ ಮೂರು ಮಾಡಿಸಿ. ತುರ್ತಿಗೆ ಒಂದನ್ನು ಮುರಿದರೆ ಉಳಿದೆರಡು ತಮ್ಮಷ್ಟಕ್ಕೆ ಇರುತ್ತವೆ. ಇನ್ನು ₹1 ಲಕ್ಷ ಮಗನ ಹೆಸರಿನಲ್ಲಿ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಯಾದ ಪಿಪಿಎಫ್. ಬುದ್ಧಿಮಾಂದ್ಯ ಮಗನ ಪರವಾಗಿ ಪಾಲಕರು ಈ ಖಾತೆ ತೆರೆಯಬಹುದು. ಬಡ್ಡಿ ಈಗ ನೂರಕ್ಕೆ 7.1, ತೆರಿಗೆ ಲೆಕ್ಕದಲ್ಲಿ ಅದು ಆದಾಯವೇ ಅಲ್ಲ. 15 ವರ್ಷ ಕಟ್ಟಿಹಾಕುತ್ತದೆ, ಏಳನೇ ವರ್ಷದಿಂದ ಸ್ವಲ್ಪ ತೆಗೆಯಲು ಬಿಡುತ್ತದೆ. ನಿಮಗೆ ಇವತ್ತು ಅದು ಕಷ್ಟ ಅನಿಸಬಹುದು. ಆದರೆ ಈ ರೊಕ್ಕ ಬೇಕಾಗುವುದು ಇವತ್ತಿಗಲ್ಲ, ಅವನಿಗೆ ನಲವತ್ತಾಗಿ ನಿಮ್ಮ ಕೈಯಲ್ಲಿ ಕೂಲಿ ಸಾಗದ ದಿನಕ್ಕೆ.

ಈಗ ಆದಾಯ ಕೂಡಿಸಿ ನೋಡಿ. ಠೇವಣಿಯ ಬಡ್ಡಿ ವರ್ಷಕ್ಕೆ ₹8,400, ಉಳಿತಾಯ ಖಾತೆಯದು ಸಾವಿರದ ಒಳಗೆ. ಪಿಪಿಎಫ್‌ನ ₹7,100 ಕೈಗೆ ಬರುವುದಿಲ್ಲ. ಕಟ್ಟುನಿಟ್ಟಿನ ಅಧಿಕಾರಿಯೊಬ್ಬರು ಅದನ್ನೂ ಎಣಿಸಿದರು ಅಂದುಕೊಂಡರೂ ಒಟ್ಟು ₹16,400ರ ಆಸುಪಾಸು. ₹22,400 ಇದ್ದದ್ದು ಇಲ್ಲಿಗೆ ಬಂತು. ಏನನ್ನೂ ಮುಚ್ಚಿಟ್ಟಿಲ್ಲ, ಯಾರ ಹೆಸರಿಗೂ ದಾಟಿಸಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಬಾಳಿಕೆ. ಮುಂದೆ ಅದನ್ನು ಹೊಸದಾಗಿ ಮಾಡಿಸುವಾಗ ವಿಎ ಬಂದು ಕೇಳಿದರೆ ಠೇವಣಿ ಇದೆ, ಇಷ್ಟು ಬಡ್ಡಿ ಬರುತ್ತದೆ, ವರ್ಷದಲ್ಲಿ ಇಷ್ಟು ದಿನ ಕೂಲಿಗೆ ಹೋಗುತ್ತೇನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಸುಳ್ಳು ಪತ್ರದಿಂದ ಪಡೆದ ಪಗಾರವನ್ನು ವಾಪಸ್ ಕಟ್ಟಿಸಿಕೊಳ್ಳಲು ಸರ್ಕಾರಕ್ಕೆ ದಾರಿ ಇದೆ. ಹಾಗಂತ ಕೇಳದವರ ಮುಂದೆಲ್ಲ, ಕಂಪ್ಯೂಟರ್ ಸೆಂಟರಿನಲ್ಲಿ, ನಲ್ಲಿ ಕಟ್ಟೆಯಲ್ಲಿ ಪಾಸ್‌ಬುಕ್ ಬಿಚ್ಚಿ ತೋರಿಸುವ ಅಗತ್ಯವೂ ಇಲ್ಲ.

ಇನ್ನು ಅತ್ತೆಯವರದು. ಸಂಧ್ಯಾ ಸುರಕ್ಷಾ 2007ರಲ್ಲಿ ಬಂದ ಯೋಜನೆ, 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮುಂತಾದವರಿಗೆ. ಅದರ ಷರತ್ತಿನಲ್ಲಿ ಗಂಡ ಹೆಂಡತಿ ಇಬ್ಬರದೂ ಸೇರಿ ಠೇವಣಿ ₹10,000 ಮೀರಿರಬಾರದು ಎಂದು ಬರೆದಿದ್ದಾರೆ. ನಿಮ್ಮ ಅತ್ತೆಯ ಪೋಸ್ಟ್ ಆಫೀಸಿನ ₹35,000 ಅದಕ್ಕೆ ನೇರವಾಗಿ ಅಡ್ಡ ಬರುತ್ತದೆ. ಮಣ್ಣಿಗೆ ಹೋಗುವ ದಿನದ ಖರ್ಚು ಮಕ್ಕಳ ಮೇಲೆ ಬೀಳಬಾರದು ಎಂದು ನಮ್ಮ ಮುದುಕಿಯರು ಕೂಡಿಡುವ ರೊಕ್ಕ ಇದು ಎನ್ನುವುದು ಆ ಷರತ್ತು ಬರೆದವರಿಗೆ ಗೊತ್ತಿರಲಿಲ್ಲವೋ ಏನೋ.

ಆ ರೊಕ್ಕವನ್ನು ಬಿಡಿಸಿಕೊಂಡು ಬರುವುದೇನೂ ಬೇಡ. ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಎಂಬ ಇನ್ನೊಂದು ಯೋಜನೆ ಇದೆ. ಅದಕ್ಕೆ ಬಿಪಿಎಲ್ ಕಾರ್ಡು, ವಯಸ್ಸು ಮುಖ್ಯ, ಠೇವಣಿಯ ಈ ಷರತ್ತು ಇಲ್ಲ. ನಮ್ಮ ರಾಜ್ಯದಲ್ಲಿ 65 ದಾಟಿದವರಿಗೆ ಅದರಲ್ಲೂ ₹1,200. ಬರುವ ಮೊತ್ತ ಅಷ್ಟೇ. ನಾಡಕಚೇರಿಗೆ ಹೋಗಿ, ಸಂಧ್ಯಾ ಸುರಕ್ಷಾ ಬದಲಿಗೆ ವೃದ್ಧಾಪ್ಯ ವೇತನಕ್ಕೆ ಬದಲಾಯಿಸಿಕೊಡಿ ಎಂದು ಅತ್ತೆಯ ಹೆಬ್ಬೆಟ್ಟು ಹಾಕಿಸಿ ಅರ್ಜಿ ಕೊಡಿ. ಎರಡೂ ಒಟ್ಟಿಗೆ ಪಡೆಯುವಂತಿಲ್ಲ, ಒಬ್ಬರಿಗೆ ಒಂದೇ ಪಗಾರ. ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ "ಆಗ್ತದ, ಹೋಗ್ರಿ" ಅಂದರೆ ಎದ್ದು ಬರಬೇಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ, ರಾಯಚೂರು ಜಿಲ್ಲೆಯವರು ಎಲ್ಲರೂ ಕೇಳುವ ಪ್ರಶ್ನೆ ಇದು. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅಂಗವಿಕಲರಿಗೆ ತಿಂಗಳಿಗೆ ₹4,016. ಆಂಧ್ರದಲ್ಲಿ 2024ರ ಜುಲೈನಿಂದ ₹6,000. ನಮ್ಮಲ್ಲಿ ಕಾಲಿಗೆ ಪೋಲಿಯೊ ಬಡಿದ 60 ಪರ್ಸೆಂಟಿನ ಹುಡುಗನಿಗೆ ₹800. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲಿ, ಬೇರೆಯವರಿಗೆ ಕೊಡುವ ಅಂಥದೇ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ನೂರಕ್ಕೆ 25 ಹೆಚ್ಚು ಕೊಡಬೇಕು ಎಂದಿದೆ. 65 ದಾಟಿದ ಹಿರಿಯರಿಗೆ ₹1,200 ಇರುವಾಗ ಆ ಲೆಕ್ಕದಲ್ಲಿ ಅಂಗವಿಕಲರಿಗೆ ₹1,500ಕ್ಕಿಂತ ಕಡಿಮೆ ಇರಬಾರದಲ್ಲ! ಇದು ಸಂಘಟನೆಗಳು ವಿಧಾನಸೌಧದ ಮುಂದೆ ಕೇಳಬೇಕಾದ ಪ್ರಶ್ನೆ. ಆದರೆ ತೆಲಂಗಾಣ, ಆಂಧ್ರದ ನೆಂಟರ ಮನೆಯ ವಿಳಾಸಕ್ಕೆ ಆಧಾರ್ ಬದಲಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಇಲ್ಲಿನ ಪಗಾರ, ರೇಷನ್ ಎರಡೂ ಹೋಗಿ ಅಲ್ಲಿನದೂ ದಕ್ಕುವುದಿಲ್ಲ.

ಕಡೆಗೆ ಮಗನ ಹೆಸರಲ್ಲಿ ಖಾತೆಯ ವಿಚಾರ, ಇದನ್ನು ಪಿಪಿಎಫ್‌ಗಿಂತ ಮೊದಲು ಮಾಡಬೇಕು. ಅವನಿಗೆ 18 ದಾಟಿರುವುದರಿಂದ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಹೆತ್ತವಳಾದರೂ ನೀವು ತಾನಾಗಿ ಅವನ ಪಾಲಕಿ ಆಗುವುದಿಲ್ಲ. ಬ್ಯಾಂಕಿನವರು "ಅವನೇ ಸಹಿ ಮಾಡಲಿ" ಅಥವಾ "ಕೋರ್ಟಿನಿಂದ ಆರ್ಡರ್ ತರ್ರಿ" ಎಂದು ಕಳಿಸುವುದು ಇದಕ್ಕೇ. ಕೋರ್ಟಿಗೆ ಹೋಗಬೇಕಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಎಲ್ಲರೂ ನ್ಯಾಷನಲ್ ಟ್ರಸ್ಟ್ ಎನ್ನುವುದು, ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇದ್ದವರಿಗಾಗಿ ಬಂದದ್ದು. ಅದರಡಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಇರುತ್ತದೆ, ಪಾಲಕತ್ವದ ಪ್ರಮಾಣಪತ್ರವನ್ನು ಅದೇ ಕೊಡುತ್ತದೆ. ರಾಯಚೂರಿನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿಯ ಬಗ್ಗೆ ಕೇಳಿ. ಆ ಪತ್ರ ತೋರಿಸಿದರೆ ಬ್ಯಾಂಕು ಖಾತೆ ತೆರೆಯಬೇಕು. ಪಾಲಕಿಯಾದ ಮೇಲೆ ಆರು ತಿಂಗಳೊಳಗೆ ಮಗನ ಆಸ್ತಿಪಾಸ್ತಿಯ ಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಜಮಾ ಖರ್ಚು ಕೊಡಬೇಕು. ಒಂದು ನೋಟ್‌ಬುಕ್ ಇಟ್ಟು ಬರೆಯುತ್ತ ಹೋದರೆ ಸಾಕು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ₹1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಅರ್ಜಿಯ ಜೊತೆಗೆ ಅದನ್ನೂ ಕೇಳಿ ಬನ್ನಿ.

ಅಂದಹಾಗೆ ನಿಮ್ಮ ಪತ್ರದಲ್ಲಿ ಒಂದು ರೊಕ್ಕದ ಸುದ್ದಿಯೇ ಇಲ್ಲ. ಬಿಪಿಎಲ್ ಕುಟುಂಬದಲ್ಲಿ ದುಡಿಯುವ ಯಜಮಾನ 60ರ ಒಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಡಿ ಒಂದೇ ಗಂಟಿಗೆ ₹20,000 ಬರುತ್ತದೆ. ನಿಮ್ಮ ಯಜಮಾನರಿಗೆ 52 ಅಂದಿರಿ. ಅರ್ಜಿ ಹಾಕಿಲ್ಲದಿದ್ದರೆ ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ಈ ವಾರವೇ ನಾಡಕಚೇರಿಗೆ ಹೋಗಿ, ವರ್ಷ ತುಂಬುವವರೆಗೆ ಕಾಯಬೇಡಿ. ಅತ್ತೆಯ ಅರ್ಜಿಯನ್ನೂ ಅವತ್ತೇ ಒಟ್ಟಿಗೆ ಕೊಟ್ಟು ಬಂದರೆ ಒಂದು ದಿನದ ಕೂಲಿ, ಬಸ್ಸಿನ ಓಡಾಟ ಉಳಿಯುತ್ತದೆ.